ಹಾಡಿನ ಬುತ್ತಿ ಕಟ್ಟುವವರು

ಸಂತೆಯ ದಿನದ ಮಧ್ಯಾಹ್ನ. ಊರು ಇಂಡಿ ಅನ್ನಿ, ಸಿಂದಗಿ ಅನ್ನಿ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಂದರೂ ನಡೆದೀತು. 1990ರ ಆಸುಪಾಸು. ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲದಷ್ಟು ಸಣ್ಣ ಅಂಗಡಿ. ಮೂರು ಗೋಡೆಗೂ ನೆಲದಿಂದ ಮೇಲಿನವರೆಗೆ ಕ್ಯಾಸೆಟ್ಟು. ಹೊರಗೆ ತೂಗುಬಿಟ್ಟ ಸ್ಪೀಕರಿನಲ್ಲಿ ಯಾರದೋ ತತ್ವಪದ. ಅದರ ಮೇಲೆ ಕಂಡಕ್ಟರನ ಸೀಟಿ, ಮೆಣಸಿನಕಾಯಿ ಚೀಲ ಇಳಿಸುವವರ ಕೂಗು.

ಒಬ್ಬ ತರುಣ ಅಂಗಿಯ ಕಿಸೆಯಿಂದ ಚೀಟಿ ತೆಗೆಯುತ್ತಾನೆ. ಮೊದಲಿಗೆ ಗಣಪತಿ ಸ್ತುತಿ, ಅದು ತಪ್ಪುವ ಹಾಗಿಲ್ಲ. ಆಮೇಲೆ ಎರಡು ತತ್ವಪದ. ಸೊಲ್ಲಾಪುರದ ಗಿರಣಿಯಲ್ಲಿ ದುಡಿದು ಊರಿಗೆ ಮರಳಿದ ಅಪ್ಪನಿಗೆ ಒಂದು ಮರಾಠಿ ಅಭಂಗ. ಹೊಸದಾಗಿ ಮನೆ ತುಂಬಿದವಳಿಗೆ ಲತಾ ಮಂಗೇಶ್ಕರ್. ತನಗೆ ರಾಜಕುಮಾರ್. ಕೊನೆಗೆ ಒಂದು ಗೀಗೀ ಪದ.

"ಎಷ್ಟ ಹಿಡಿತಾವ್ರಿ ಅಣ್ಣಾರ?"

"ಅರವತ್ತರದ ಅದ ತಮ್ಮಾ. ಮಗ್ಗಲಿಗೆ ಆರ. ಗೀಗೀ ಪದ ಹಾಕಿದ್ರ ಐದ. ಅದು ಜಲ್ದಿ ಮುಗಿಯಂಗಿಲ್ಲ."

"ಹಂಗಾದ್ರ ಹರದೇಶಿ ಅಷ್ಟ ಹಾಕ್ರಿ, ನಾಗೇಶಿ ಬ್ಯಾಡ."

"ಮನ್ಯಾಗ ಕೇಳೋರ ಯಾರ? ಆಕೀನೂ ಕೇಳ್ತಾಳಲ್ಲ?"

ಹರದೇಶಿ ಗಂಡಿನ ಪಕ್ಷ ಹಿಡಿದು ಹಾಡುವ ಮೇಳ, ನಾಗೇಶಿ ಹೆಣ್ಣಿನ ಪಕ್ಷದ್ದು. ಒಂದಕ್ಕೆ ಇನ್ನೊಂದು ಉತ್ತರ. ಅಂಗಡಿಯವನು ಎರಡನ್ನೂ ಹಾಕಿಯೇ ಕೊಡುತ್ತಾನೆ, ಬೇಕಾದರೆ ಒಂದು ಸಿನಿಮಾ ಹಾಡು ಕಡಿಮೆ. ಸಂಜೆಯ ಬಸ್ಸಿಗೆ ಮೊದಲು ಕ್ಯಾಸೆಟ್ ಸಿದ್ಧ.

ಇದಕ್ಕೆ ನಮ್ಮ ಕಡೆ 'ಹಾಡು ತುಂಬಿಸುವುದು' ಎನ್ನುತ್ತಿದ್ದರು. ಪೇಟೆಯ ಹುಡುಗರ ಬಾಯಲ್ಲಿ ಈಗ ಇದು ಮಿಕ್ಸ್, ಪ್ಲೇಲಿಸ್ಟ್. ಹೆಸರು ಏನಾದರೂ ಇರಲಿ, ತನ್ನಲ್ಲಿರುವ ಹತ್ತು ಬಗೆಯ ಹಾಡುಗಳಿಂದ ಆರಿಸಿ, ಒಂದರ ಹಿಂದೆ ಒಂದನ್ನು ಕೂಡಿಸಿ, ಒಬ್ಬರ ಕೈಗೆ ಕೊಡುವ ಕೆಲಸ ಇದು. ಬುತ್ತಿ ಕಟ್ಟಿದ ಹಾಗೆ. ರೊಟ್ಟಿ, ಪಲ್ಯ, ಶೇಂಗಾ ಹಿಂಡಿ, ಮೇಲೊಂದು ಉಳ್ಳಾಗಡ್ಡಿ. ಉಣ್ಣುವವರು ಯಾರು, ಎಷ್ಟು ಹೊತ್ತಿಗೆ ಉಣ್ಣುತ್ತಾರೆ ಎಂದು ನೋಡಿ ಕಟ್ಟಿದ್ದು ಬುತ್ತಿ. ಸಿಕ್ಕಿದ್ದನ್ನು ತುರುಕಿದರೆ ಬರೀ ಗಂಟು.

ಮೂವತ್ತು ನಿಮಿಷದ ಮಗ್ಗಲು

ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ನಾಲ್ಕು ಮಿಲಿಮೀಟರಿಗೂ ತುಸು ಕಡಿಮೆ ಅಗಲದ ಪಟ್ಟಿ, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಅರವತ್ತರ ಕ್ಯಾಸೆಟ್ ಅಂದರೆ ಮಗ್ಗಲಿಗೆ 30 ನಿಮಿಷ, ತೊಂಬತ್ತರದ್ದಾದರೆ 45. ತೊಂಬತ್ತರದ್ದು ಲಾಭ ಅನಿಸುತ್ತದೆ, ಆದರೆ ಅಷ್ಟುದ್ದದ ರೀಲು ಅದೇ ಡಬ್ಬಿಯಲ್ಲಿ ಹಿಡಿಯಬೇಕಾದ್ದರಿಂದ ಪಟ್ಟಿ ತೆಳ್ಳಗೆ. ಬೇಸಿಗೆಯ ಬಿಸಿಲಲ್ಲಿ, ಧೂಳು ತಿಂದ ಟೇಪಿನಲ್ಲಿ, ಮೊದಲು ಸುತ್ತಿಕೊಳ್ಳುವುದು ಅದೇ. ಕಡ್ಡಿಪೆಟ್ಟಿಗೆಯಷ್ಟೇ ಸಹಜವಾಗಿ ಆಗ ಮನೆಮನೆಯಲ್ಲೂ ಒಂದು ಪೆನ್ಸಿಲ್ ಇರುತ್ತಿತ್ತು, ಬರೆಯಲಿಕ್ಕಲ್ಲ, ರೀಲು ಸುತ್ತಲಿಕ್ಕೆ.

ತುಂಬುವ ಕೆಲಸಕ್ಕೆ ಅಡ್ಡದಾರಿ ಇರಲಿಲ್ಲ. ಐದು ನಿಮಿಷದ ಹಾಡು ಇಳಿಯಲು ಐದು ನಿಮಿಷ ಬೇಕೇ ಬೇಕು. ಎರಡು ಕ್ಯಾಸೆಟ್ಟಿನ ಟೇಪಿನಲ್ಲಿ ಬೇಗ ಇಳಿಸುವ ಗುಂಡಿ ಇತ್ತು ನಿಜ; ಹಾಗೆ ಇಳಿಸಿದರೆ ತಾಳದ, ಗೆಜ್ಜೆಯ ಸಣ್ಣ ದನಿ ಮಂಕಾಗುತ್ತಿತ್ತು. ಹತ್ತು ಹಾಡು ಹತ್ತು ಕ್ಯಾಸೆಟ್ಟಿನಲ್ಲಿದ್ದರೆ ಪ್ರತಿಯೊಂದನ್ನೂ ಹಾಕಿ, ಓಡಿಸಿ, ಹಾಡು ಶುರುವಾಗುವ ಜಾಗ ಹಿಡಿದು ನಿಲ್ಲಿಸಬೇಕು. ಹೀಗೆ ಕೂತವನು ಬೇಡವೆಂದರೂ ಪ್ರತಿ ಹಾಡನ್ನೂ ಪೂರ್ತಿ ಕೇಳುತ್ತಿದ್ದ. ಆ ಕಸುಬಿನ ಅರ್ಧ ವಿದ್ಯೆ ಅಲ್ಲೇ ಬಂತು ಎನ್ನಬೇಕು. ಕೇಳುತ್ತ ಕೂತವನಿಗೆ ಮುಂದೆ ಯಾವುದು ಬರಬೇಕೆಂದು ಕಿವಿಯೇ ಹೇಳುತ್ತದೆ.

ಇನ್ನೊಂದು ಕಟ್ಟುಪಾಡು, ಮಗ್ಗಲು ಮುಗಿಯುವ ಜಾಗ. ಇಪ್ಪತ್ತೇಳು ನಿಮಿಷ ತುಂಬಿದೆ, ಮೂರೇ ನಿಮಿಷ ಉಳಿದಿದೆ. ಏನು ಹಾಕುವುದು? ಅರ್ಧಕ್ಕೆ ಕತ್ತರಿಸಿದ ಹಾಡು ಹಾಕಿದವನನ್ನು ಗಿರಾಕಿ ಎರಡನೇ ಸಲ ನಂಬುತ್ತಿರಲಿಲ್ಲ. ಆಗ ಕೈಗೆ ಬರುತ್ತಿದ್ದದ್ದು ಹಳೆಯ ಹಾಡುಗಳು. 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದೇ ಮೂರು ಮೂರೂವರೆ ನಿಮಿಷ. ಅದಕ್ಕೆಂದು ಹಾಡಿದ ನಾಟಕದ ಪದ, ಭಾವಗೀತೆ ಆ ಸಂದಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತಿದ್ದವು. ಅಜ್ಜನ ಕಾಲದ ದನಿಯನ್ನು ಮೊಮ್ಮಗ ಕೇಳಿದ್ದು ಎಷ್ಟೋ ಸಲ ಹೀಗೆ, ಉಳಿದ ಜಾಗ ತುಂಬಲು ಹೋಗಿ.

ಗಡಿಯ ಕಿವಿ

ಈ ನಾಲ್ಕು ತಾಲ್ಲೂಕುಗಳ ಚೀಟಿಗಳಲ್ಲಿ ಇಷ್ಟೊಂದು ಬಗೆ ಹೇಗೆ ಸೇರಿತು? (ಈಗ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರಗಳೂ ಬೇರೆ ತಾಲ್ಲೂಕುಗಳೇ, ಹಾಡಿಗೆ ಆ ಗೆರೆ ಗೊತ್ತಿಲ್ಲ.) ಉತ್ತರಕ್ಕೆ ಭೂಪಟ ಸಾಕು. ಬಡಗಣಕ್ಕೆ ಭೀಮೆ ದಾಟಿದರೆ ಸೊಲ್ಲಾಪುರ. ದುಡಿಮೆ, ಆಸ್ಪತ್ರೆ, ಮದುವೆ ಜವಳಿ ಎಲ್ಲಕ್ಕೂ ಇಂಡಿಯವರು ಹತ್ತುತ್ತಿದ್ದದ್ದು ಆ ಕಡೆಯ ರೈಲು. ಹೋಗಿಬಂದವರ ಜೋಳಿಗೆಯಲ್ಲಿ ಅಭಂಗ, ನಾಟ್ಯಗೀತೆ, ಲಾವಣಿ. ತೆಂಕಣಕ್ಕೆ ಕೃಷ್ಣೆ. ಆಲಮಟ್ಟಿಯಿಂದ ಕೂಡಲಸಂಗಮದ ದಿಕ್ಕಿಗೆ ವಚನದ ಸೀಮೆ. ಬಸವನ ಬಾಗೇವಾಡಿ ಬಸವಣ್ಣನ ಊರು. ಮೂಡಣಕ್ಕೆ ಸಿಂದಗಿ ದಾಟಿದರೆ ಕಲಬುರಗಿ ನಾಡಿನ ತತ್ವಪದಕಾರರು: ಕಡಕೋಳದ ಮಡಿವಾಳಪ್ಪ, ಅವನ ಶಿಷ್ಯ ಚನ್ನೂರ ಜಲಾಲಸಾಬ. ನಡುವೆ ವಿಜಯಪುರ, ಅದರ ದಖ್ಖನಿ ಉರ್ದು, ಉರುಸಿನ ಕವ್ವಾಲಿ.

ಊರೊಳಗೆ ಬಂದರೆ ಬೀರಪ್ಪನ ಗುಡಿ ಮುಂದೆ ಡೊಳ್ಳಿನ ಪದ, ಎಲ್ಲವ್ವನ ಚೌಡಕಿ ಪದ, ಕಣದಲ್ಲಿ ಹಂತಿ ಪದ, ಮೊಹರಮ್ಮಿಗೆ ರಿವಾಯತ್. ರಿವಾಯತ್ ಎಂದರೆ ಕರ್ಬಲದ ಕತೆಯನ್ನು ಕನ್ನಡದಲ್ಲಿ ಹಾಡುವುದು. ಹಾಡುವವರಲ್ಲಿ ಹಿಂದೂಗಳೂ ಇರುತ್ತಾರೆ. 'ಬಗೆಬಗೆಯ ಸಂಗ್ರಹ' ಎಂದು ಬೇರೆ ಕಡೆಯವರು ಹುಡುಕಿ ಹೊಂದಿಸಿಕೊಳ್ಳುವುದು ಇಲ್ಲಿ ಒಂದು ವರ್ಷದ ಹಬ್ಬಹುಣ್ಣಿಮೆಯಲ್ಲಿ ತಾನಾಗಿ ಕಿವಿಗೆ ಬೀಳುತ್ತದೆ.

ಮೇಲೆ ರೇಡಿಯೋ. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾಯಿತು. 1952ರಿಂದ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ, 1957ರಿಂದ ವಿವಿಧ ಭಾರತಿ. ಸಾಲು ಕಟ್ಟಿ ಹಾಡು ಕೇಳಿಸುವುದನ್ನು ಹಳ್ಳಿಯ ಕಿವಿಗೆ ರೂಢಿಸಿದ್ದು ಈ ನಿಲಯಗಳೇ.

ಬೆರಕೆಯ ಈ ಗುಣಕ್ಕೆ ಒಂದೇ ದನಿಯಲ್ಲಿ ಸಾಕ್ಷಿ ಬೇಕೆಂದರೆ ಅಮೀರಬಾಯಿ ಕರ್ನಾಟಕಿ ಇದ್ದಾರೆ. ಹುಟ್ಟಿದ್ದು ಆಗಿನ ವಿಜಾಪುರ ಜಿಲ್ಲೆಯ ಬೀಳಗಿಯಲ್ಲಿ. ಮುಂಬೈಗೆ ಹೋಗಿ 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದರು. ಕನ್ನಡ, ಹಿಂದಿ, ಮರಾಠಿ, ಗುಜರಾತಿಗಳಲ್ಲಿ ಹಾಡಿದರು. ಅವರ ಅಕ್ಕ ಗೋಹರಬಾಯಿ ಬಾಲಗಂಧರ್ವರ ಜೊತೆ ಮರಾಠಿ ರಂಗಭೂಮಿಯಲ್ಲಿ ಹಾಡಿದವರು. ಈ ಅಕ್ಕತಂಗಿಯರ ಹಾಡುಗಳಿಂದಲೇ ಒಂದು ಮಗ್ಗಲು ಕಟ್ಟಿದರೆ ಅದರಲ್ಲಿ ನಾಲ್ಕು ಭಾಷೆ, ಎರಡು ರಂಗ, ಒಂದು ಸೀಮೆ.

ಕ್ಯಾಸೆಟ್ಟಿಗಿಂತ ಹಳೆಯ ಬುತ್ತಿ

ಸಾಲು ಕಟ್ಟುವ ವಿದ್ಯೆ ಯಂತ್ರದ ಜೊತೆ ಬಂದದ್ದಲ್ಲ. ಅಮಾವಾಸ್ಯೆಯ ರಾತ್ರಿ ಭಜನೆಗೆ ಕೂತವರಿಗೆ ಅದು ಗೊತ್ತು. ಮೊದಲು ಗಣಪನ, ಗುರುವಿನ ಸ್ತುತಿ. ಜನ ಸೇರುವ ತನಕ ಎಲ್ಲರಿಗೂ ಬರುವ ಪದಗಳು. ನಡುರಾತ್ರಿಗೆ ಬಿಗಿಯಾದ ತತ್ವ, ಅರ್ಥ ಬಿಡಿಸಿ ಹೇಳಬೇಕಾದದ್ದು. ಮೂರನೆಯ ಜಾವಕ್ಕೆ ನಿದ್ದೆ ಒತ್ತಿ ಬಂದಾಗ ತಾಳ ಏರಿಸಿ ಕುಣಿಯುವಂಥದು. ಬೆಳಕು ಹರಿಯುವಾಗ ಮಂಗಳಾರತಿ. ಇದನ್ನೆಲ್ಲ ನಡೆಸುವವನು ಪೇಟಿಯ ಮುಂದೆ ಕೂತ ಒಬ್ಬ ಹಿರಿಯ. ಅವನ ಮುಂದೆ ಅಂಚು ಹರಿದ ಒಂದು ವಹಿ, ಅದರಲ್ಲಿ ಅವನೇ ಬರೆದುಕೊಂಡ ನೂರಾರು ಪದ. ಕ್ಯಾಸೆಟ್ ಅಂಗಡಿಯವನ ಪೂರ್ವಜ ಈತ.

ಇಂಡಿ ಸೀಮೆಯಲ್ಲಿ ಇದಕ್ಕೆ ಬರಹದ ಚರಿತ್ರೆಯೂ ಇದೆ. ಆಗ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾಸಾಹೇಬ ಮೊದಲಾದ ಗೆಳೆಯರು ಬೀಸುಕಲ್ಲಿನ ಮುಂದೆ, ತೊಟ್ಟಿಲ ಬಳಿ ಹೆಂಗಸರು ಹಾಡುವುದನ್ನು ಬರೆದುಕೊಳ್ಳತೊಡಗಿದರು. 'ಗರತಿಯ ಹಾಡು' 1931ರಲ್ಲಿ ಬಂತು. 1933ರಲ್ಲಿ 'ಜೀವನ ಸಂಗೀತ', 1935ರಲ್ಲಿ 'ಮಲ್ಲಿಗೆ ದಂಡೆ'. ಸಂಗ್ರಹದ ಸಾಹಸವನ್ನು ಎಲ್ಲರೂ ಹೊಗಳಿದ್ದಾರೆ. ನನಗೆ ಬೆರಗು ಅವರ ಜೋಡಣೆಯದು. ಹಾಡಿದವರು ಹತ್ತು ಮನೆಯವರು, ಹಾಡಿದ್ದು ಹತ್ತು ಹೊತ್ತಿನಲ್ಲಿ. ಆ ಬಿಡಿ ತ್ರಿಪದಿಗಳನ್ನು ತವರು, ಒಡಹುಟ್ಟು, ಕೂಸು ಎಂದು ಹತ್ತಿರ ತಂದು ಕೂರಿಸಿದಾಗ ಒಂದು ಹೆಣ್ಣುಬಾಳಿನ ಕತೆಯೇ ಎದ್ದು ನಿಂತಿತು. ಒಂದೊಂದೂ ಹಳೆಯದೇ, ಸಾಲು ಮಾತ್ರ ಹೊಸದು.

ಅದೇ ತಾಲ್ಲೂಕಿನ ನಿಂಬಾಳದಲ್ಲಿ ಗುರುದೇವ ರಾನಡೆ ಇದ್ದರು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸಿದವರು, ಇಂಚಗೇರಿ ಪರಂಪರೆಯ ಸಾಧಕರು, 1957ರಲ್ಲಿ ನಿಂಬಾಳದಲ್ಲೇ ದೇಹ ಬಿಟ್ಟವರು. ಮರಾಠಿ, ಹಿಂದಿ, ಕನ್ನಡ ಮೂರೂ ಭಾಷೆಯ ಸಂತರ ಮೇಲೆ ಅವರ ಪುಸ್ತಕಗಳಿವೆ. ಹಿಂದಿ ಸಂತರ ಪದಗಳನ್ನು ಆಯ್ದು 1954ರಲ್ಲಿ 'ಪರಮಾರ್ಥ ಸೋಪಾನ' ಪ್ರಕಟಿಸಿದಾಗ ಅವರು ಪದಗಳನ್ನು ಕವಿವಾರು ಇಡಲಿಲ್ಲ, ಕಾಲವಾರು ಇಡಲಿಲ್ಲ. ಸಾಧಕ ಹತ್ತುವ ಮೆಟ್ಟಿಲಿನ ಪ್ರಕಾರ ಇಟ್ಟರು: ಮೊದಲು ಹಂಬಲ ಹುಟ್ಟಿಸುವ ಪದ, ಆಮೇಲೆ ನಡತೆಯ ಸಿದ್ಧತೆ, ದೇವರು ಮತ್ತು ಸಂತರ ನಂಟು, ಯಾತ್ರೆಯ ಆರಂಭ, ಕೊನೆಗೆ ತುತ್ತತುದಿ. ಕಬೀರನ ಪಕ್ಕ ಸೂರದಾಸ, ಅವನ ಪಕ್ಕ ಮೀರಾ. ಯಾರ ಹಾಡು ಎನ್ನುವುದಕ್ಕಿಂತ ಯಾವ ಮೆಟ್ಟಿಲಿನ ಹಾಡು ಎನ್ನುವುದು ಮುಖ್ಯ. ಒಂದು ಒಳ್ಳೆಯ ಮಿಕ್ಸ್ ಹೇಗಿರಬೇಕೆಂದು ಯಾರಾದರೂ ಕೇಳಿದರೆ ಆ ಪುಸ್ತಕದ ಪರಿವಿಡಿ ತೋರಿಸಬಹುದು.

ಇನ್ನೂ ಹಿಂದೆ ಹೋದರೆ ವಿಜಯಪುರದ ಎರಡನೆಯ ಇಬ್ರಾಹಿಂ ಆದಿಲಶಾಹ. ಸುಲ್ತಾನನೇ ಕಟ್ಟಿದ 'ಕಿತಾಬ್-ಎ-ನವರಸ್' ರಾಗಗಳ ಹೆಸರಿನಡಿ ಹಾಡುಗಳನ್ನು ಜೋಡಿಸಿದ ದಖ್ಖನಿ ಪುಸ್ತಕ. ಸರಸ್ವತಿ, ಗಣಪತಿಯ ಜೊತೆಗೇ ಗೇಸುದರಾಜರ ಸ್ತುತಿ ಅಲ್ಲಿದೆ. ಇಷ್ಟು ಹೇಳಿ ಮುಂದೆ ಹೋಗೋಣ, ಅರಮನೆಯ ಕತೆಗಿಂತ ಅಂಗಡಿಯ ಕತೆ ನಮಗೆ ಹತ್ತಿರ.

ಸೇರುವ ಜಾಗ

ಬಗೆಬಗೆಯ ಹಾಡು ಕೂಡಿಸುವಾಗ ಸೋಲುವುದು ಹಾಡಿನಲ್ಲಲ್ಲ, ಎರಡು ಹಾಡು ಸೇರುವ ಜಾಗದಲ್ಲಿ.

ಮೊದಲನೆಯದು ಶ್ರುತಿ. ಒಂದು ಹಾಡು ಪೇಟಿಯ ಒಂದು ಮನೆಯಲ್ಲಿ ಮುಗಿದು, ಮುಂದಿನದು ಅದಕ್ಕೆ ಅರ್ಧ ಸ್ವರ ಮಾತ್ರ ಮೇಲೆ ಶುರುವಾದರೆ ಕಿವಿಗೆ ಕಲ್ಲು ತಾಗಿದಂತೆ. ಇದು ಸಂಗೀತ ಕಲಿಯದವರಿಗೂ ತಿಳಿಯುತ್ತದೆ, ಹೆಸರು ಹೇಳಲು ಬಾರದು ಅಷ್ಟೆ. ಶ್ರುತಿ ಒಂದೇ ಆಗಿರಬೇಕೆಂದಿಲ್ಲ; ತೀರ ಹತ್ತಿರವಿದ್ದು ಒಂದಾಗದಿರುವುದು ತಪ್ಪು. ಒಂದಾಗಿರಲಿ, ಇಲ್ಲವೇ ದೂರವಿರಲಿ. ಎರಡೂ ಆಗದಿದ್ದರೆ ನಡುವೆ ಮೂರು ಸೆಕೆಂಡ್ ಸುಮ್ಮನೆ ಬಿಡಿ, ಇಲ್ಲವೇ ಬರಿ ಡೊಳ್ಳಿನ ತುಣುಕು ಇಡಿ. ಡೊಳ್ಳು ಪೇಟಿಯ ಮನೆ ಕೇಳುವುದಿಲ್ಲ.

ಎರಡನೆಯದು ನಡೆ. ಕೆಹರವಾದ ಎಂಟು ಮಾತ್ರೆಯಲ್ಲಿ ಸಾಗಿದ ಭಜನೆಯ ಹಿಂದೆ ಅದೇ ನಡೆಯ ಸಿನಿಮಾ ಹಾಡು ಬಂದರೆ ಭಾಷೆ ಬದಲಾದದ್ದೂ ಗೊತ್ತಾಗುವುದಿಲ್ಲ. ದಾದರಾದ ಆರು ಮಾತ್ರೆಗೆ ಹೊರಳಬೇಕಾದರೆ ನಡುವೆ ತಾಳವಿಲ್ಲದ ಆಲಾಪದಿಂದ ಎದ್ದು ಬರುವ ಹಾಡು ಹುಡುಕಬೇಕು. ಒಂದೇ ನಡೆಯಲ್ಲಿ ಐದು ಹಾಡು ಬಂದರೂ ಕಷ್ಟ, ಎತ್ತಿನ ಗಾಡಿಯಲ್ಲಿ ಕೂತವನಂತೆ ತೂಕಡಿಕೆ ಬರುತ್ತದೆ.

ಮೂರನೆಯದು ಹೊತ್ತು. ಹಿಂದೂಸ್ತಾನಿಯಲ್ಲಿ ರಾಗಕ್ಕೆ ವೇಳೆ ಇದೆ. ಬೆಳಗಿಗೆ ಭೈರವ, ಸಂಜೆಗೆ ಯಮನ್, ಕಚೇರಿಯ ಕೊನೆಗೆ ಭೈರವಿ. ಧಾರವಾಡ ಸೀಮೆಯ ಈ ಪಾಠವನ್ನು ನಮ್ಮ ಭಜನಾ ಮೇಳಗಳು ತಮಗೆ ತಿಳಿದಂತೆ ಪಾಲಿಸುತ್ತವೆ. ಬೆಳಗಿನ ಬಸ್ಸಿಗೆ ಕಟ್ಟಿದ ಸಾಲು ರಾತ್ರಿಯ ಕಬ್ಬಿನ ಗಾಡಿಗೆ ಒಗ್ಗುವುದಿಲ್ಲ.

ನಾಲ್ಕನೆಯದಕ್ಕೆ ಶಾಸ್ತ್ರವಿಲ್ಲ. ಸೇತುವೆ ಹಾಡು ಎಂದು ನಾನು ಕರೆಯುತ್ತೇನೆ. ಎರಡು ದೂರದ ಲೋಕಗಳ ನಡುವೆ ಎರಡಕ್ಕೂ ನಂಟಿರುವ ಒಂದು ಹಾಡು. ಮರಾಠಿ ಅಭಂಗದಿಂದ ಕನ್ನಡದ ತತ್ವಪದಕ್ಕೆ ಹೋಗಬೇಕೇ? ಗದಗಿನ ಭೀಮಸೇನ ಜೋಶಿ ಇದ್ದಾರೆ. ಮರಾಠಿಯಲ್ಲಿ ಸಂತವಾಣಿ ಹಾಡಿದ ಆ ದನಿಯೇ ಕನ್ನಡದಲ್ಲಿ ದಾಸವಾಣಿ ಹಾಡಿತು. ಒಂದು ಅಭಂಗ, ಅದೇ ದನಿಯ ದಾಸರ ಪದ, ಅಲ್ಲಿಂದ ಸಿ. ಅಶ್ವತ್ಥ್ ಹಾಡಿದ ಶರೀಫಜ್ಜ. 1990ರಲ್ಲಿ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂದ ಮೇಲೆ ಆ ದನಿ ಇಲ್ಲದ ಅಂಗಡಿಯೇ ಇರಲಿಲ್ಲ. ಅಶ್ವತ್ಥರಿಂದ ನಿಮ್ಮೂರಿನ ಭಜನಾ ಮೇಳಕ್ಕೆ ಒಂದೇ ಹೆಜ್ಜೆ. ಪಂಢರಪುರದಿಂದ ಹೊರಟವನು ಹೀಗೆ ನಾಲ್ಕು ಹಾಡಿನಲ್ಲಿ ತನ್ನ ಅಗಸಿ ಬಾಗಿಲಿಗೆ ಬಂದು ಮುಟ್ಟುತ್ತಾನೆ.

ಒಂದು ತಪ್ಪು ನನ್ನದೇ. ಸಿಂದಗಿಯಿಂದ ವಿಜಯಪುರದ ದಾರಿಗೆಂದು ಒಂದು ತಾಸಿನ ಸಾಲು ಕಟ್ಟಿದ್ದೆ. ನನಗೆ ಪ್ರಿಯವಾದ ಹನ್ನೆರಡು ಹಾಡು, ಹನ್ನೆರಡೂ ಗಟ್ಟಿ. ಜೊತೆಗಿದ್ದ ಸೋದರಮಾವ ದೇವರ ಹಿಪ್ಪರಗಿ ದಾಟುವಷ್ಟರಲ್ಲಿ ಬಂದ್ ಮಾಡಿಸಿದ. "ಬರೀ ಹೋಳಿಗಿ ಬಡಿಸಿದೆಲ್ಲೋ. ನಡುವ ಒಂದೀಟು ಮಜ್ಜಗಿ ಬ್ಯಾಡೇನ?" ಆಮೇಲೆ ಪ್ರತಿ ಮೂರು ಗಟ್ಟಿ ಹಾಡಿಗೆ ಒಂದು ಹಗುರ ಹಾಡು ಇಡುವುದನ್ನು ಕಲಿತೆ.

ಚಿಪ್ ಬಂತು

ಎಂಬತ್ತರ ದಶಕದಲ್ಲಿ ಕ್ಯಾಸೆಟ್ ದೊಡ್ಡ ಕಂಪನಿಯ ಒಡೆತನವನ್ನು ಒಡೆದಿತ್ತು. ಅಲ್ಲಿಯವರೆಗೆ ಎಚ್‌ಎಂವಿ ಮನಸ್ಸು ಮಾಡಿದರಷ್ಟೇ ಹಾಡು ತಟ್ಟೆಗೆ ಇಳಿಯುತ್ತಿತ್ತು. ಕ್ಯಾಸೆಟ್ ಬಂದ ಮೇಲೆ ಜಿಲ್ಲೆಗೊಬ್ಬ ನಿರ್ಮಾಪಕ, ಜಾತ್ರೆಗೊಂದು ಭಕ್ತಿಗೀತೆ. ಪೀಟರ್ ಮ್ಯಾನ್ಯುಯೆಲ್ ಎಂಬ ವಿದ್ವಾಂಸರು ಭಾರತದ ಈ ಬದಲಾವಣೆಯ ಬಗ್ಗೆ 1993ರಲ್ಲಿ 'ಕ್ಯಾಸೆಟ್ ಕಲ್ಚರ್' ಎಂಬ ಪುಸ್ತಕವನ್ನೇ ಬರೆದರು. ಗುರುರಾಜ ಹೊಸಕೋಟೆಯವರಂಥ ಉತ್ತರ ಕರ್ನಾಟಕದ ಜನಪದ ಗಾಯಕರು ಮನೆಮನೆ ಮುಟ್ಟಿದ್ದು ಈ ಅಲೆಯಲ್ಲಿ.

ಆಮೇಲೆ ಎಂಪಿ3 ಸಿ.ಡಿ. 700 ಎಂ.ಬಿ.ಯ ತಟ್ಟೆಗೆ ನೂರೈವತ್ತರ ಹತ್ತಿರ ಹಾಡು. ಅದರ ಹಿಂದೆಯೇ ಉಗುರಿನಷ್ಟು ಮೆಮೊರಿ ಕಾರ್ಡು, ಜನರ ಬಾಯಲ್ಲಿ 'ಚಿಪ್'. ಕ್ಯಾಸೆಟ್ ಅಂಗಡಿಗಳು ಮೊಬೈಲ್ ಅಂಗಡಿಗಳಾದವು. "ಚಿಪ್ಪಿಗೆ ಹಾಡ ಹಾಕ್ರಿ" ಎಂದರೆ ಕೆಲವೇ ನಿಮಿಷದಲ್ಲಿ 2 ಜಿ.ಬಿ. ತುಂಬಿ ಕೈಗೆ. ಸುಮಾರು 400 ಹಾಡು. 16 ಜಿ.ಬಿ.ಯಾದರೆ ಮೂರು ಸಾವಿರ. ಹಗಲು ರಾತ್ರಿ ಬಿಡದೆ ಕೇಳಿದರೂ ಮುಗಿಯಲು ಹತ್ತು ದಿನ. ಚೀಟಿ ತರುವವನು ಇಲ್ಲ, ಬರೆಯುವವನೂ ಇಲ್ಲ. ಕಂಪ್ಯೂಟರಿನಲ್ಲಿ 'ಭಕ್ತಿ', 'ಜಾನಪದ', 'ಹಿಂದಿ ಹಳೇದು' ಎಂಬ ಪೆಟ್ಟಿಗೆಗಳಿದ್ದವು. ಪೆಟ್ಟಿಗೆಯನ್ನೇ ಎತ್ತಿ ಸುರಿಯುತ್ತಿದ್ದರು. ಯಂತ್ರ ತನಗೆ ತೋಚಿದ್ದನ್ನು ನುಡಿಸುತ್ತದೆ. ಮದುವೆ ಮನೆಯಲ್ಲಿ ಸೋಬಾನೆಯ ಹಿಂದೆಯೇ ರಿವಾಯತಿನ ಶೋಕ ಬಂದರೆ ಅದಕ್ಕೇನು ಗೊತ್ತು?

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಚಿಪ್ಪಿನ ವ್ಯಾಪಾರವೂ ಇಳಿಯಿತು. ಈಗ ಹಾಡು ಯೂಟ್ಯೂಬಿನಲ್ಲಿ. ಮಾಳು ನಿಪನಾಳ ಅವರಂಥ ಹೊಸ ಜಾನಪದ ಗಾಯಕರ ಹಾಡು ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರಿನ ಸೌಂಡ್ ಬಾಕ್ಸಿನಿಂದ ಹೊರಟರೆ ಹಿಂದಿನ ಗಾಡಿಯ ಹಾರ್ನು ಮುಂದಿನವನಿಗೆ ಕೇಳುವುದಿಲ್ಲ. ಅದು ರಸ್ತೆಗೆ ಅಪಾಯ, ಪೊಲೀಸರು ಎಚ್ಚರಿಸುವುದು ಸರಿಯೇ. ಆದರೂ ಆ ಚಾಲಕರನ್ನು ನಾನು ಪೂರ್ತಿ ಬಯ್ಯಲಾರೆ. ಪೆನ್‌ಡ್ರೈವಿನಲ್ಲಿ ಹಾಡುಗಳ ಹೆಸರಿನ ಮುಂದೆ 01, 02, 03 ಎಂದು ಅಂಕಿ ಹಾಕಿ ತಮ್ಮ ಸಾಲನ್ನು ತಾವೇ ಕಟ್ಟಿಕೊಳ್ಳುವವರು ಅವರಲ್ಲಿದ್ದಾರೆ. ನಿದ್ದೆ ಬರುವ ಹೊತ್ತಿಗೆ ಯಾವ ಹಾಡು ಬೇಕೆಂದು ಅವರಿಗೆ ಗೊತ್ತು. ನೀವು ಮೊನ್ನೆ ಕೇಳಿದ್ದಕ್ಕೆ ಹೋಲುವುದನ್ನೇ ಇವತ್ತು ತಂದಿಡುವ ಆ್ಯಪ್ಪಿಗೆ ಅದು ತಿಳಿಯದು. ಹೋಲುವುದನ್ನು ಹೋಲುವುದರ ಪಕ್ಕ ಇಡುವುದು ಅದರ ಲೆಕ್ಕ. ಅಭಂಗದ ಪಕ್ಕ ಡೊಳ್ಳು ಇಡುವ ಧೈರ್ಯ ಮನುಷ್ಯನದು.

ಕಾನೂನಿನ ಮಾತು ಎರಡು

ಅಂಗಡಿಯಲ್ಲಿ ದುಡ್ಡು ಪಡೆದು ಪರರ ಹಾಡು ತುಂಬಿ ಕೊಡುವುದು ಆಗಲೂ ಕಾನೂನಿಗೆ ಹೊಂದುತ್ತಿರಲಿಲ್ಲ, ಈಗಲೂ ಹೊಂದುವುದಿಲ್ಲ. ಎಲ್ಲರಿಗೂ ಗೊತ್ತಿದ್ದು ಎಲ್ಲರೂ ಮಾಡಿದ ಕೆಲಸ ಅದು. 1957ರ ಕೃತಿಸ್ವಾಮ್ಯ ಕಾಯ್ದೆ ಸ್ವಂತ, ಖಾಸಗಿ ಬಳಕೆಗೆ ಹಿತಮಿತವಾದ ವಿನಾಯಿತಿ ಕೊಡುತ್ತದೆ. ಮಾರುವುದು, ಸಾರ್ವಜನಿಕವಾಗಿ ಹಂಚುವುದು ಅದರಲ್ಲಿ ಸೇರುವುದಿಲ್ಲ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಹಾಗಾಗಿ 1940ರ ದಶಕದ ಅಮೀರಬಾಯಿಯ ಮುದ್ರಣಗಳ ಮೇಲೆ ಆ ಹಕ್ಕು ಮುಗಿದು ಎಷ್ಟೋ ಕಾಲವಾಯಿತು.

ಅಟ್ಟದ ಮೇಲಿನ ಡಬ್ಬಿ

ಸಿನಿಮಾ ಹಾಡು ಎಲ್ಲಿಗೂ ಹೋಗುವುದಿಲ್ಲ. ಹುಡುಕಿದರೆ ಸಿಗುತ್ತದೆ. ಸಿಗದಿರುವುದು ಬೇರೆ. ಆಗ ಹಾಡು ತುಂಬಿಸಿದ ಕ್ಯಾಸೆಟ್ಟುಗಳ ಬಿ ಮಗ್ಗಲಿನಲ್ಲಿ, ಖಾಲಿ ಉಳಿದ ಜಾಗದಲ್ಲಿ, ಮನೆಯ ಟು-ಇನ್-ಒನ್ನಿನ ಕೆಂಪು ಗುಂಡಿ ಒತ್ತಿ ಹಿಡಿದದ್ದು: ಅಜ್ಜಿಯ ಬೀಸುವ ಪದ, ಓಣಿಯ ಭಜನೆ, ಸೀಮಂತದ ಸೋಬಾನೆ, ಹಿನ್ನೆಲೆಯಲ್ಲಿ ಎಮ್ಮೆಯ ಕೂಗು, ಯಾರೋ "ಸುಮ್ಕಿರ್ರೋ, ತುಂಬಾಕತ್ತೈತಿ" ಎಂದು ಗದರುವುದು. ಇವು ಯಾವ ಆ್ಯಪ್ಪಿನಲ್ಲೂ ಇಲ್ಲ. ಹಲಸಂಗಿ ಗೆಳೆಯರು ಬರಿಗೈಯಲ್ಲಿ ಮಾಡಿದ್ದನ್ನು ಎಂಬತ್ತು ತೊಂಬತ್ತರ ದಶಕದ ಮನೆಗಳು ತಮಗರಿವಿಲ್ಲದೆ ಟೇಪಿನಲ್ಲಿ ಮಾಡಿವೆ. ರೀಲಿನ ಮೇಲಿನ ಕಾಂತದ ಪುಡಿ ಮೂವತ್ತು ನಲವತ್ತು ವರ್ಷಕ್ಕೆ ಸಡಿಲವಾಗುತ್ತದೆ, ಬೂಸಲು ಹಿಡಿಯುತ್ತದೆ. ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ಇಳಿದು, ಹಾಡು ಶುರುವಾಗುವ ಮೊದಲೇ ಅದರ ನೆರಳು ಕೇಳತೊಡಗುತ್ತದೆ.

ಇದನ್ನು ಉಳಿಸಿಕೊಳ್ಳಲು ದೊಡ್ಡ ಖರ್ಚಿಲ್ಲ. ನಡೆಯುವ ಒಂದು ಟೇಪು, ಅದರ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್ ತೂತಿಗೆ ಒಂದು ವಯರು, ಆಡಾಸಿಟಿ ಎಂಬ ಪುಕ್ಕಟೆ ತಂತ್ರಾಂಶ. ಒಂದೊಂದು ಮಗ್ಗಲನ್ನೂ ನಡುವೆ ನಿಲ್ಲಿಸದೆ ಪೂರ್ತಿ ಇಳಿಸಿಕೊಳ್ಳಿ. ಹಾಡು ಹಾಡಾಗಿ ಕತ್ತರಿಸುವುದು ಆಮೇಲೆ. ಮೊದಲಿನದನ್ನು ವೇವ್ ಕಡತವಾಗಿ ಬೇರೆ ಇಡಿ, ಕೇಳಲು ಎಂಪಿ3 ಮಾಡಿಕೊಳ್ಳಿ. ಅಜ್ಜಿಯ ದನಿ ಸಣ್ಣದು, ಸಿನಿಮಾ ಹಾಡಿನದು ಜೋರು. ಒಂದೇ ಸಾಲಿನಲ್ಲಿ ಇಡುವುದಾದರೆ ಜೋರನ್ನು ಇಳಿಸಿ. ಸಣ್ಣದನ್ನು ಎಳೆದು ಏರಿಸಿದರೆ ಅದರ ಜೊತೆ ಸುಂಯ್ ಎನ್ನುವ ಸದ್ದೂ ಏರುತ್ತದೆ.

ಆ ಮೇಲೆ ನಿಮ್ಮದೇ ಒಂದು ತಾಸಿನ ಬುತ್ತಿ ಕಟ್ಟಿ. ಅಜ್ಜಿಯ ಪದದ ಹಿಂದೆ ಯಾರು ಬರಬೇಕೆಂದು ನಿಮಗೇ ಹೊಳೆಯುತ್ತದೆ. ಅದೇ ಶ್ರುತಿಯ ಹತ್ತಿರ ಎಲ್ಲೋ ಒಬ್ಬ ಅಮೀರಬಾಯಿ ಇದ್ದೇ ಇರುತ್ತಾಳೆ.

ಅಟ್ಟದಿಂದ ಡಬ್ಬಿ ಇಳಿಸಿದ ಕೂಡಲೇ ಮಾತ್ರ ಕ್ಯಾಸೆಟ್ಟನ್ನು ಟೇಪಿಗೆ ಹಾಕಬೇಡಿ. ಕಿಂಡಿಯಲ್ಲಿ ಬಿಳಿ ಬೂಸಲು ಕಂಡರೆ ಆ ಕ್ಯಾಸೆಟ್ಟನ್ನು ಬೇರೆ ಎತ್ತಿಡಿ, ತಿಳಿದವರ ಕೈಗೆ ಕೊಡಿ. ಒಂದರ ಬೂಸಲು ಟೇಪಿಗೆ ಹತ್ತಿ ಉಳಿದವಕ್ಕೂ ಹೋಗುತ್ತದೆ. ಮೇಲಂಚಿನ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿಯಿರಿ, ಕೈತಪ್ಪಿ ಕೆಂಪು ಗುಂಡಿ ಒತ್ತಿದರೂ ಅಳಿಸಿಹೋಗದು. ಟೇಪಿನ ತಲೆಯನ್ನು ಸ್ಪಿರಿಟ್ ಹಚ್ಚಿದ ಅರಳೆಯಿಂದ ಒರೆಸಿ. ರೀಲನ್ನು ಒಂದು ಸಲ ಪೂರ್ತಿ ಮುಂದಕ್ಕೆ, ಒಂದು ಸಲ ಪೂರ್ತಿ ಹಿಂದಕ್ಕೆ ಓಡಿಸಿ. ಆಮೇಲೆ ಪ್ಲೇ ಒತ್ತಿ. ಪಕ್ಕದಲ್ಲಿ ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡಿರಿ. ಯಾರ ದನಿ ಎಂದು ಹೇಳಬಲ್ಲವರು ಅವರೊಬ್ಬರೇ.